ಬದಲಾಗುತ್ತಿರುವ ಬ್ರೌಸರ್‌ಗಳು ಮತ್ತು ಕನ್ನಡ ಜಾಲತಾಣಗಳು

ಅಂತರ್ಜಾಲದ ಪುಟಗಳನ್ನು ಕಂಪ್ಯೂಟರ್ ಅಥವಾ ಮೊಬೈಲಿನಲ್ಲಿ ತೆರೆದು ತೋರಿಸುವ ತಂತ್ರಾಂಶಕ್ಕೆ ಬ್ರೌಸರ್ ಎನ್ನುತ್ತಾರೆ. ಜಾಲತಾಣದಿಂದ ಬರುವುದು ಪಠ್ಯ, ಚಿತ್ರ ಮತ್ತು ಅವನ್ನು ಹೇಗೆ ತೋರಿಸಬೇಕೆಂಬ ಸೂಚನೆಗಳು. ಆ ಸೂಚನೆಗಳನ್ನು ಓದಿ ಪರದೆಯ ಮೇಲೆ ಪುಟವನ್ನು ಜೋಡಿಸುವುದು ಬ್ರೌಸರ್‌ನ ಕೆಲಸ. ಹೀಗಾಗಿ ಒಂದೇ ಪುಟ ಎರಡು ಬ್ರೌಸರ್‌ಗಳಲ್ಲಿ ಎರಡು ಬಗೆಯಾಗಿ ಕಾಣಬಹುದು. ಜನ ಬಳಸುವ ಬ್ರೌಸರ್ ಬದಲಾದಾಗಲೆಲ್ಲ ತಾಣ ವಿನ್ಯಾಸಕಾರರ ಕೆಲಸವೂ ಬದಲಾಗಿದೆ. ಕನ್ನಡದ ಮಟ್ಟಿಗೆ ಇದು ಅಂದಚಂದದ ಮಾತಷ್ಟೇ ಅಲ್ಲ, ಪುಟ ಓದಲು ಬರುತ್ತದೋ ಇಲ್ಲವೋ ಎಂಬ ಪ್ರಶ್ನೆಯಾಗಿತ್ತು.

ಎಕ್ಸ್‌ಪ್ಲೋರರ್ ಕಾಲ

1993ರಲ್ಲಿ ಮೊಸಾಯಿಕ್, 1994ರಲ್ಲಿ ನೆಟ್‌ಸ್ಕೇಪ್ ನ್ಯಾವಿಗೇಟರ್ ಬಂದವು. 1995ರಲ್ಲಿ ಮೈಕ್ರೋಸಾಫ್ಟ್ ಕಂಪೆನಿ ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಹೊರತಂದಿತು. ವಿಂಡೋಸ್ ಜೊತೆಗೇ ಉಚಿತವಾಗಿ ಸಿಗತೊಡಗಿದ್ದರಿಂದ ಕೆಲವೇ ವರ್ಷಗಳಲ್ಲಿ ಅದು ನೆಟ್‌ಸ್ಕೇಪನ್ನು ಹಿಂದೆ ಹಾಕಿತು. 2001ರಲ್ಲಿ ಆರನೇ ಆವೃತ್ತಿ ಬಂತು. ಏಳನೆಯದಕ್ಕೆ 2006ರವರೆಗೆ ಕಾಯಬೇಕಾಯಿತು. ಆ ನಡುವೆ ಬಹುಪಾಲು ವಿನ್ಯಾಸಕಾರರು ತಮ್ಮ ತಾಣಗಳನ್ನು ಅದೊಂದರಲ್ಲೇ ಪರೀಕ್ಷಿಸಿ ಸುಮ್ಮನಾಗುತ್ತಿದ್ದರು. ಎಕ್ಸ್‌ಪ್ಲೋರರ್‌ನಲ್ಲಿ ನೋಡಿದರೆ ಉತ್ತಮ ಎಂಬ ಒಕ್ಕಣೆ ಅನೇಕ ತಾಣಗಳ ಕೆಳಭಾಗದಲ್ಲಿರುತ್ತಿತ್ತು.

ಕನ್ನಡ ಅಕ್ಷರಗಳ ಗೋಳು

ವಿಂಡೋಸ್ 98ರಲ್ಲಿ ಕನ್ನಡಕ್ಕೆ ವ್ಯವಸ್ಥೆ ಇರಲಿಲ್ಲ. ಆದ್ದರಿಂದ ಇಂಗ್ಲಿಷ್ ಅಕ್ಷರಗಳ ಸಂಕೇತಗಳ ಜಾಗದಲ್ಲೇ ಕನ್ನಡದ ಆಕಾರಗಳನ್ನು ಕೂರಿಸಿದ ಫಾಂಟುಗಳನ್ನು ಬಳಸಲಾಗುತ್ತಿತ್ತು. ಓದುಗರು ಆ ಫಾಂಟನ್ನು ಇಳಿಸಿಕೊಳ್ಳಬೇಕಿತ್ತು. ಇಲ್ಲವೇ ಪುಟದ ಜೊತೆಗೇ ಬರುವ ಡೈನಮಿಕ್ ಫಾಂಟ್ ಇರಬೇಕಿತ್ತು. ಮೈಕ್ರೋಸಾಫ್ಟ್ ರೂಪಿಸಿದ ಡೈನಮಿಕ್ ಫಾಂಟ್ ಎಕ್ಸ್‌ಪ್ಲೋರರ್‌ನಲ್ಲಿ ಮಾತ್ರ ಕೆಲಸ ಮಾಡುತ್ತಿತ್ತು. 2004ರ ನವೆಂಬರ್‌ನಲ್ಲಿ ಬಂದ ಫೈರ್‌ಫಾಕ್ಸ್‌ನಲ್ಲಿ ಅಂಥ ಪುಟ ತೆರೆದರೆ ಕಾಣುತ್ತಿದ್ದದ್ದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ.

ಎರಡು ಭಾಷೆಯ ಊರುಗಳಿಗೆ ತೊಂದರೆ ಇನ್ನೂ ಹೆಚ್ಚು. ಕನ್ನಡ, ಮಲಯಾಳ ಎರಡರ ಫಾಂಟುಗಳೂ ಅದೇ ಇಂಗ್ಲಿಷ್ ಜಾಗಗಳನ್ನು ಬಳಸುತ್ತಿದ್ದವು. ಫಾಂಟ್ ತಪ್ಪಿದರೆ ಯಾವ ಸಾಲು ಯಾವ ಭಾಷೆಯದೆಂದು ಕಂಪ್ಯೂಟರಿಗೆ ತಿಳಿಯುವ ದಾರಿಯೇ ಇರಲಿಲ್ಲ. ಕನ್ನಡ ಪದ ಹಾಕಿ ಹುಡುಕಿದರೂ ಅಂಥ ಪುಟಗಳು ಸಿಗುತ್ತಿರಲಿಲ್ಲ.

ಇದಕ್ಕೆ ಪರಿಹಾರ ಯೂನಿಕೋಡ್. ಅದರಲ್ಲಿ ಕನ್ನಡ, ಮಲಯಾಳ, ತಮಿಳು, ತೆಲುಗು, ದೇವನಾಗರಿ ಲಿಪಿಗಳಿಗೆ ಬೇರೆ ಬೇರೆ ಜಾಗಗಳಿವೆ. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಎಂಬ ಕನ್ನಡ ಫಾಂಟ್ ಬಂತು. ತಾಣಗಳು ಯೂನಿಕೋಡಿಗೆ ಹೊರಳಿದಂತೆ ಕನ್ನಡ ಓದಲು ಇಂಥದೇ ಬ್ರೌಸರ್ ಬೇಕೆಂಬ ಕಟ್ಟು ಸಡಿಲವಾಯಿತು. 2009ರಲ್ಲಿ ಹೊರಬಂದ ಭಾರತ ಸರ್ಕಾರದ ಜಾಲತಾಣಗಳ ಮಾರ್ಗಸೂಚಿಯೂ ಯೂನಿಕೋಡ್ ಬಳಸಬೇಕು, ಹಲವು ಬ್ರೌಸರ್‌ಗಳಲ್ಲಿ ಪರೀಕ್ಷಿಸಬೇಕು ಎಂದಿತು.

ಕ್ರೋಮ್ ಮತ್ತು ಮೊಬೈಲ್

2008ರಲ್ಲಿ ಗೂಗಲ್‌ನ ಕ್ರೋಮ್ ಬಂತು. ಸ್ಟಾಟ್‌ಕೌಂಟರ್ ಲೆಕ್ಕದಂತೆ 2012ರ ಮೇ ತಿಂಗಳಲ್ಲಿ ಅದು ಎಕ್ಸ್‌ಪ್ಲೋರರನ್ನು ದಾಟಿತು. ಅದೇ ವರ್ಷ ಬಂದ ಆಂಡ್ರಾಯ್ಡ್ 4.1 ಕನ್ನಡಕ್ಕೂ ಬೆಂಬಲ ನೀಡಿತು. ಅದಕ್ಕೆ ಮೊದಲು ಅನೇಕ ಮೊಬೈಲ್‌ಗಳಲ್ಲಿ ಕನ್ನಡದ ಬದಲು ಖಾಲಿ ಚೌಕಗಳು ಕಾಣುತ್ತಿದ್ದವು. ಒಪೆರಾ ಮಿನಿಯ ಸೆಟ್ಟಿಂಗ್ ಬದಲಿಸಿ ಅಕ್ಷರಗಳನ್ನು ಚಿತ್ರದ ರೂಪದಲ್ಲಿ ತರಿಸಿಕೊಂಡು ಓದುವವರಿದ್ದರು. 2016ರ ಅಕ್ಟೋಬರ್‌ನಲ್ಲಿ ಜಗತ್ತಿನಾದ್ಯಂತ ಮೊಬೈಲ್ ಮತ್ತು ಟ್ಯಾಬ್ಲೆಟ್ ಬಳಕೆ ಕಂಪ್ಯೂಟರ್ ಬಳಕೆಯನ್ನು ಮೀರಿಸಿತು. ಭಾರತದಲ್ಲಿ ಜನಪ್ರಿಯವಾಗಿದ್ದ ಯುಸಿ ಬ್ರೌಸರ್ 2020ರ ಜೂನ್‌ನಲ್ಲಿ ನಿಷೇಧಗೊಂಡಿತು. 2022ರ ಜೂನ್ 15ರಂದು ಮೈಕ್ರೋಸಾಫ್ಟ್ ಎಕ್ಸ್‌ಪ್ಲೋರರ್‌ಗೆ ವಿದಾಯ ಹೇಳಿತು.

ವಿನ್ಯಾಸಕಾರರು ಗಮನಿಸಬೇಕಾದ್ದು

* ಯಾವುದೋ ಒಂದು ಬ್ರೌಸರ್‌ಗೆ ತಕ್ಕಂತೆ ಅಲ್ಲ, ಎಲ್ಲ ಬ್ರೌಸರ್‌ಗಳೂ ಒಪ್ಪುವ ಮಾನದಂಡಗಳಿಗೆ ತಕ್ಕಂತೆ ಪುಟ ಕಟ್ಟಬೇಕು.
* ಪುಟದ ಅಗಲ ಪರದೆಗೆ ಹೊಂದಿಕೊಳ್ಳಬೇಕು. 2010ರಲ್ಲಿ ಈಥನ್ ಮಾರ್ಕೊಟ್ ಈ ವಿಧಾನಕ್ಕೆ ರೆಸ್ಪಾನ್ಸಿವ್ ಎಂಬ ಹೆಸರು ಕೊಟ್ಟರು.
* ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುವುದರಿಂದ ಕನ್ನಡಕ್ಕೆ ಸಾಲುಗಳ ನಡುವೆ ಹೆಚ್ಚು ಜಾಗ ಬೇಕು. ಇಂಗ್ಲಿಷಿಗೆಂದು ಅಳೆದ ಬಟನ್‌ಗಳಲ್ಲಿ ಉದ್ದನೆಯ ಕನ್ನಡ ಪದಗಳು ತುಂಡಾಗುತ್ತವೆ.
* ಎರಡು ಭಾಷೆಯ ಪುಟದಲ್ಲಿ ಯಾವ ಭಾಗ ಯಾವ ಭಾಷೆಯದೆಂದು ಸಂಕೇತದಲ್ಲಿ ಗುರುತಿಸಬೇಕು. ದೃಷ್ಟಿ ಇಲ್ಲದವರಿಗೆ ಪುಟವನ್ನು ಓದಿ ಹೇಳುವ ತಂತ್ರಾಂಶ ಅದನ್ನೇ ನಂಬಿರುತ್ತದೆ.
* ಹಳೆಯ, ಕಡಿಮೆ ಬೆಲೆಯ ಮೊಬೈಲ್‌ನಲ್ಲೂ ಪುಟ ತೆರೆದು ನೋಡಬೇಕು.

ಮತ್ತೆ ಒಂದೇ ದಾರಿ?

ಒಪೆರಾ 2013ರಲ್ಲಿ, ಮೈಕ್ರೋಸಾಫ್ಟ್‌ನ ಎಡ್ಜ್ 2020ರಲ್ಲಿ ಕ್ರೋಮ್‌ನ ಮೂಲ ತಂತ್ರಾಂಶವನ್ನೇ ಅಳವಡಿಸಿಕೊಂಡವು. ಫೈರ್‌ಫಾಕ್ಸ್ ಮತ್ತು ಆಪಲ್‌ನ ಸಫಾರಿ ಮಾತ್ರ ಬೇರೆ ಹಾದಿಯಲ್ಲಿವೆ. ಕ್ರೋಮ್‌ನಲ್ಲಿ ಸರಿ ಕಂಡರೆ ಸಾಕು ಎಂದುಕೊಂಡರೆ ಎಕ್ಸ್‌ಪ್ಲೋರರ್ ಕಾಲದ ತಪ್ಪೇ ಮರುಕಳಿಸುತ್ತದೆ. ಪಹಣಿ, ಪರೀಕ್ಷಾ ಫಲಿತಾಂಶ, ಅರ್ಜಿಗಳೆಲ್ಲ ಅಂತರ್ಜಾಲಕ್ಕೆ ಬಂದಿರುವಾಗ ಪುಟ ತೆರೆಯದಿದ್ದರೆ ನಷ್ಟ ಓದುಗನಿಗೇ. ಕೈಯಲ್ಲಿರುವ ಮೊಬೈಲ್‌ನಲ್ಲಿ ಆಗದ ಕೆಲಸಕ್ಕೆ ಆತ ಬಸ್ಸು ಹಿಡಿದು ಪೇಟೆಗೆ ಹೋಗಬೇಕಾಗುತ್ತದೆ.