ದಂಡಿನ ಹೂದೋಟ, ಹೆಸರಿಲ್ಲದ ಮಾಲಿ

ನಮ್ಮ ಹಿತ್ತಿಲ ಬೇಲಿಯಲ್ಲಿ ಆಳೆತ್ತರ ನಿಲ್ಲುವ ಕಾಸ್ಮಾಸ್, ಸೂರ್ಯಕಾಂತಿ ಈ ನೆಲದವಲ್ಲ. ಸೂರ್ಯಕಾಂತಿಯ ತವರು ಉತ್ತರ ಅಮೆರಿಕ. ಕಾಸ್ಮಾಸ್, ನಾವು ಪೂಜೆಗಿಡುವ ಚೆಂಡುಹೂ ಎರಡೂ ಮೆಕ್ಸಿಕೋ ಕಡೆಯವು.

1809ರಲ್ಲಿ ಬ್ರಿಟಿಷ್ ಸೇನೆ ಶ್ರೀರಂಗಪಟ್ಟಣ ಬಿಟ್ಟು ಹಲಸೂರಿನ ಬಳಿ ಬೀಡುಬಿಟ್ಟಿತು. ದಂಡು ಪ್ರದೇಶ ಬೆಳೆದಂತೆ ಬಂಗಲೆಗಳೆದ್ದವು, ಸುತ್ತ ಹೂದೋಟಗಳಾದವು. ಎತ್ತರದ ಗಿಡ ಗೋಡೆಯ ಕಡೆ, ಗಿಡ್ಡವು ಮುಂದೆ. ಇದು ಇಂಗ್ಲಿಷರ ಪಾತಿಯ ಕ್ರಮ. ಬಾಗುವ ಗಿಡಕ್ಕೆ ಕೋಲು ಕಟ್ಟಿ, ನೀರು ಹೊತ್ತವರು ಮಾತ್ರ ನಮ್ಮ ಮಾಲಿಗಳು.

ವಾರ್ಷಿಕ ಹೂಗಿಡ ಒಂದೇ ಹಂಗಾಮಿನದು. ಹೂ ಬಿಟ್ಟು, ಬೀಜ ಕಟ್ಟಿ ಒಣಗುತ್ತದೆ. ಪ್ರತಿವರ್ಷ ಯಾರಾದರೂ ಮತ್ತೆ ಬಿತ್ತಬೇಕು. ಹಾಗಾಗಿ ದಂಡಿನಲ್ಲಿ ಹಳೆಯ ಮರಗಳು ಇಂದಿಗೂ ನಿಂತಿವೆ, ಆ ಹೂಪಾತಿಗಳ ಗುರುತೂ ಇಲ್ಲ. ಕಬ್ಬನ್, ಕನ್ನಿಂಗ್‌ಹ್ಯಾಮ್ ಹೆಸರು ರಸ್ತೆಗಳಲ್ಲಿ ಉಳಿದಿದೆ. ಮಾಲಿಯ ಹೆಸರು ಯಾವ ಫಲಕದಲ್ಲಿದೆ?

1949ರಲ್ಲಿ ದಂಡು, ಪೇಟೆ ಸೇರಿ ಒಂದೇ ಕಾರ್ಪೊರೇಷನ್ ಆಯಿತು. ಆಮೇಲೆ ಎಷ್ಟೋ ಬಂಗಲೆಗಳು ಉರುಳಿ ಅಪಾರ್ಟ್‌ಮೆಂಟುಗಳೆದ್ದವು.

ಬೀಜಕ್ಕೆ ಬಂಗಲೆ ಬೇಡ. ಪೂರ್ತಿ ಒಣಗಿದ ಹೂವಿನಿಂದ ಬೀಜ ಬಿಡಿಸಿ, ನೆರಳಲ್ಲಿ ಆರಿಸಿ, ಕಾಗದದಲ್ಲಿ ಕಟ್ಟಿಡಿ. ಪೊಟ್ಟಣದ ಮೇಲೆ ಕೊಟ್ಟವರ ಹೆಸರನ್ನೂ ಬರೆಯಿರಿ. ಈ ಸಲವಾದರೂ ಚರಿತ್ರೆಯಲ್ಲಿ ಬೆಳೆದವರ ಹೆಸರು ಉಳಿಯಲಿ.