ರಕ್ಕಸನನ್ನು ಮಡಿಲಲ್ಲಿಟ್ಟು ನೋಡಿದ ಕನ್ನಡ

ಪ್ರತಿ ವರ್ಷ ಚೈತ್ರ ಮಾಸದಲ್ಲಿ ಬೆಂಗಳೂರಿನ ಚಾಮರಾಜಪೇಟೆಗೆ ರಾಮನವಮಿಯ ಕಳೆ ಬರುತ್ತದೆ. ೧೯೩೯ರಲ್ಲಿ ಆರಂಭವಾದ ಶ್ರೀರಾಮಸೇವಾ ಮಂಡಳಿಯ ಸಂಗೀತೋತ್ಸವ ಒಂದು ಕಡೆ. ಬಸವನಗುಡಿ, ಮಲ್ಲೇಶ್ವರಗಳ ಬೀದಿಗಳಲ್ಲಿ ಪಾನಕ, ಕೋಸಂಬರಿ, ನೀರುಮಜ್ಜಿಗೆಗಳ ಸಂಭ್ರಮ ಇನ್ನೊಂದು ಕಡೆ. ರಾಮ ಯಾರು, ರಾವಣ ಯಾರು ಎಂಬುದರಲ್ಲಿ ಅಲ್ಲಿ ನೆರೆದ ಯಾರಿಗೂ ಸಂಶಯವಿಲ್ಲ. ಆದರೆ ಅದೇ ಚಾಮರಾಜಪೇಟೆಯಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಇರುವ ರಸ್ತೆಗೆ ಪಂಪ ಮಹಾಕವಿಯ ಹೆಸರಿದೆ. ಹತ್ತನೆಯ ಶತಮಾನದ ಆ ಕವಿ ತನ್ನ ದೊರೆ ಅರಿಕೇಸರಿಯನ್ನು ಅರ್ಜುನನೊಂದಿಗೆ ಸಮೀಕರಿಸಿ ‘ವಿಕ್ರಮಾರ್ಜುನ ವಿಜಯ’ವನ್ನು ಬರೆದ. ಅರ್ಜುನನನ್ನು ಹೊಗಳುವುದೇ ಅವನ ಕೆಲಸವಾಗಿತ್ತು. ಆದರೂ ಕರ್ಣ ಬಿದ್ದ ಘಳಿಗೆಯಲ್ಲಿ ಕವಿಯ ಮನಸ್ಸು ಎದುರಾಳಿಯ ಕಡೆಗೆ ವಾಲಿಬಿಟ್ಟಿತು.

ಎದುರಾಳಿಯ ಬಗೆಗಿನ ಈ ಮರುಕ ಪಂಪನೊಬ್ಬನ ಸ್ವತ್ತಲ್ಲ. ದುಷ್ಟರೆಂದು ತೀರ್ಪಾಗಿ ಹೋದವರ ಕಡತವನ್ನು ಕನ್ನಡ ಕವಿಗಳು ಸಾವಿರ ವರ್ಷಗಳಿಂದ ಮತ್ತೆ ಮತ್ತೆ ಬಿಚ್ಚಿ ನೋಡಿದ್ದಾರೆ. ಹಾಗೆ ನೋಡುವಾಗ ಅವರು ಮರಳಿ ಮರಳಿ ಹಿಡಿದ ದಾರಿಯೊಂದಿದೆ. ರಕ್ಕಸನನ್ನು ಯಾರೋ ಒಬ್ಬ ತಾಯಿಯ ಮಗನನ್ನಾಗಿ ನೋಡುವುದು. ಕೆಲವೊಮ್ಮೆ ರಕ್ಕಸನನ್ನೇ ತಾಯಿಯಾಗಿಸುವುದು.

ಎದುರಾಳಿಯ ಮನೆಯೊಳಗೆ

ಪಂಪನ ನಂತರ ಬಂದವನು ಮುಧೋಳದ ರನ್ನ. ಚಾಲುಕ್ಯ ದೊರೆ ಸತ್ಯಾಶ್ರಯನನ್ನು ಭೀಮನಿಗೆ ಹೋಲಿಸಿ, ಕ್ರಿ.ಶ. ೧೦೦೦ದ ಆಸುಪಾಸಿನಲ್ಲಿ ಅವನು ‘ಗದಾಯುದ್ಧ’ವನ್ನು ರಚಿಸಿದ. ಅಲ್ಲಿಯೂ ಗೆಲ್ಲುವವನು ಭೀಮನೇ. ಆದರೆ ಓದುಗರ ನೆನಪಿನಲ್ಲಿ ಉಳಿಯುವುದು ಹೆಣಗಳ ನಡುವೆ ಸಂಜಯನ ಜೊತೆ ನಡೆಯುವ ದುರ್ಯೋಧನ. ತಮ್ಮನ ಶವದ ಮುಂದೆ, ಗೆಳೆಯ ಕರ್ಣನ ಶವದ ಮುಂದೆ ಅವನು ಕುಸಿಯುತ್ತಾನೆ; ಶತ್ರುವಿನ ಮಗ ಅಭಿಮನ್ಯುವಿನ ಶವದ ಮುಂದೆ ನಿಂತು ಆ ಹುಡುಗನ ಶೌರ್ಯಕ್ಕೆ ತಲೆಬಾಗುತ್ತಾನೆ. ಇದಕ್ಕೂ ಮೊದಲು ರನ್ನ ಇನ್ನೊಂದು ದೃಶ್ಯವನ್ನು ಇಟ್ಟಿದ್ದಾನೆ. ಮಕ್ಕಳನ್ನೆಲ್ಲ ಕಳೆದುಕೊಂಡ ಗಾಂಧಾರಿ, ಧೃತರಾಷ್ಟ್ರರು ಉಳಿದೊಬ್ಬ ಮಗನ ಬಳಿಗೆ ಬಂದು ಸಂಧಿಗೆ ಒಪ್ಪಿಕೋ ಎಂದು ಅಂಗಲಾಚುತ್ತಾರೆ. ಅವನು ಒಪ್ಪುವುದಿಲ್ಲ. ಆ ಕ್ಷಣದಲ್ಲಿ ನಮ್ಮೆದುರು ಇರುವವನು ಲೋಕಕಂಟಕನಲ್ಲ, ತಾಯಿಯ ಮಾತು ಕೇಳದ ಕೊನೆಯ ಮಗ.

ಈ ಎಳೆಯನ್ನು ಗುರುತಿಸಿ ಇಪ್ಪತ್ತನೆಯ ಶತಮಾನಕ್ಕೆ ತಂದವರು ಬಿ.ಎಂ. ಶ್ರೀಕಂಠಯ್ಯ. ಪರಿಷತ್ತಿನ ಉಪಾಧ್ಯಕ್ಷರಾಗಿ ದುಡಿದ, ಇಂದು ಬಸವನಗುಡಿಯ ಪಕ್ಕದ ನರಸಿಂಹರಾಜ ಕಾಲೋನಿಯಲ್ಲಿ ತಮ್ಮ ಹೆಸರಿನ ಸ್ಮಾರಕ ಪ್ರತಿಷ್ಠಾನವನ್ನು ಹೊಂದಿರುವ ‘ಶ್ರೀ’ಯವರು ಗ್ರೀಕ್ ದುರಂತ ನಾಟಕಗಳನ್ನು ಆಳವಾಗಿ ಓದಿಕೊಂಡವರು. ೧೯೨೬ರಲ್ಲಿ ಅವರು ರನ್ನನ ಕಾವ್ಯವನ್ನು ‘ಗದಾಯುದ್ಧ ನಾಟಕ’ವಾಗಿಸಿದರು. ೧೯೨೯ರಲ್ಲಿ ಸೋಫೋಕ್ಲಿಸನ ‘ಏಜಾಕ್ಸ್’ ನಾಟಕವನ್ನು ‘ಅಶ್ವತ್ಥಾಮನ್’ ಮಾಡಿದರು. ೧೯೩೫ರಲ್ಲಿ ಬಂದ ‘ಪಾರಸಿಕರು’ ಇಲ್ಲಿ ಮುಖ್ಯವಾದುದು. ಅದರ ಮೂಲ ಕ್ರಿ.ಪೂ. ೪೭೨ರಲ್ಲಿ ಅಥೆನ್ಸಿನಲ್ಲಿ ಆಡಿದ ಈಸ್ಕಿಲಸನ ನಾಟಕ. ಗ್ರೀಕರು ಪರ್ಷಿಯನ್ನರನ್ನು ಸೋಲಿಸಿ ಹತ್ತು ವರ್ಷವೂ ಆಗಿರಲಿಲ್ಲ. ಗೆದ್ದವರ ಊರಿನಲ್ಲೇ ಆ ಕವಿ ಸೋತ ದೊರೆಯ ತಾಯಿಯನ್ನು ರಂಗಕ್ಕೆ ತಂದು ನಿಲ್ಲಿಸಿದ. ಮಗ ಏನಾದನೋ ಎಂದು ಕಾಯುವ ಆ ಮುದಿರಾಣಿ ಮತ್ತು ರನ್ನನ ಗಾಂಧಾರಿ, ಒಬ್ಬರನ್ನೊಬ್ಬರು ಕಾಣದ ಅಕ್ಕತಂಗಿಯರಂತೆ ತೋರುತ್ತಾರೆ.

ರಾವಣನ ವಿಷಯದಲ್ಲೂ ‘ಶ್ರೀ’ಯವರು ಇಂಥದೇ ಕೆಲಸ ಮಾಡಿದರು. ಸುಮಾರು ೧೧೦೦ರಲ್ಲಿದ್ದ ನಾಗಚಂದ್ರನ ‘ರಾಮಚಂದ್ರಚರಿತ ಪುರಾಣ’ದ ರಾವಣನನ್ನು ಅವರು ದುರಂತ ನಾಯಕನೆಂದು ಕರೆದರು. ಜೈನ ಸಂಪ್ರದಾಯದಲ್ಲಿ ರಾಕ್ಷಸರು ನರಭಕ್ಷಕರಲ್ಲ, ವಿದ್ಯಾಧರ ಕುಲದವರು. ಒಲ್ಲದ ಹೆಣ್ಣನ್ನು ಮುಟ್ಟೆನೆಂಬ ವ್ರತ ಹೊತ್ತ ನಾಗಚಂದ್ರನ ರಾವಣ ಸೀತೆಯನ್ನು ಕಂಡು ಜಾರುತ್ತಾನೆ, ಕೊನೆಗೆ ಅವಳ ದುಃಖ ಕಂಡು ಪಶ್ಚಾತ್ತಾಪ ಪಡುತ್ತಾನೆ. ಆದರೆ ಯುದ್ಧದಲ್ಲಿ ಗೆದ್ದ ಮೇಲೆಯೇ ಒಪ್ಪಿಸುವೆನೆಂಬ ಅಭಿಮಾನಕ್ಕೆ ಬಲಿಯಾಗುತ್ತಾನೆ. ಹತ್ತು ತಲೆಗಳ ಗುಟ್ಟನ್ನೂ ಜೈನ ರಾಮಾಯಣಗಳು ಸೊಗಸಾಗಿ ಬಿಡಿಸಿವೆ. ಕೂಸಿನ ಕೊರಳ ಹಾರದ ರತ್ನಗಳಲ್ಲಿ ಅದರ ಮುಖ ಒಂಬತ್ತಾಗಿ ಪ್ರತಿಫಲಿಸಿತಂತೆ, ಆದ್ದರಿಂದ ದಶಮುಖ. ಲೋಕ ಬೆಚ್ಚಿಬೀಳುವ ಹತ್ತು ತಲೆ, ತೊಟ್ಟಿಲ ಬಳಿ ನಿಂತವರಿಗೆ ಬರೀ ಹೊಳಪಿನ ಆಟ.

ಹೆತ್ತವರು ಮತ್ತು ಕೂಡಿಸಿದವಳು

ಇಷ್ಟೂ ರಕ್ಕಸ ಮಕ್ಕಳ ಮಾತಾಯಿತು. ರಕ್ಕಸಿ ತಾಯಂದಿರ ಮಾತೇನು? ಇಲ್ಲಿ ಮೂಲ ಕಥೆಗಳೇ ನಮ್ಮನ್ನು ಅಚ್ಚರಿಗೊಳಿಸುತ್ತವೆ.

ಮಹಾಭಾರತದ ಸಭಾಪರ್ವದಲ್ಲಿ ಜರಾಸಂಧನ ಹುಟ್ಟಿನ ಕಥೆ ಬರುತ್ತದೆ. ಮಗಧದ ಬೃಹದ್ರಥನ ಇಬ್ಬರು ರಾಣಿಯರಿಗೆ ಅರ್ಧರ್ಧ ಮಗು ಹುಟ್ಟುತ್ತದೆ. ಅಂಜಿದ ರಾಣಿಯರು ಆ ಹೋಳುಗಳನ್ನು ಹೊರಗೆ ಹಾಕಿಸಿಬಿಡುತ್ತಾರೆ. ಚೌಕದಲ್ಲಿ ಬಿದ್ದಿದ್ದ ಆ ಹೋಳುಗಳನ್ನು ಎತ್ತಿಕೊಂಡವಳು ಜರೆ ಎಂಬ ರಾಕ್ಷಸಿ, ಮಾಂಸ ತಿನ್ನುವವಳು. ಎರಡನ್ನೂ ಜೋಡಿಸಿದಾಗ ಮಗು ಚೀರಿತು. ಅವಳು ಅದನ್ನು ತಿನ್ನಲಿಲ್ಲ, ಒಯ್ದು ತಂದೆಗೆ ಒಪ್ಪಿಸಿದಳು. ಹೆತ್ತವರು ಬಿಸಾಡಿದ್ದನ್ನು ರಕ್ಕಸಿ ಕೂಡಿಸಿದಳು. ಮಗನ ಹೆಸರಿನಲ್ಲಿ ಉಳಿದದ್ದು ಹೆತ್ತವರ ಹೆಸರಲ್ಲ, ಅವಳದೇ. ಇತ್ತ ಕುಂತಿ ನಮ್ಮ ಪ್ರಾತಃಸ್ಮರಣೀಯ ಹೆಂಗಸರಲ್ಲಿ ಒಬ್ಬಳು. ಅವಳು ಮೊದಲ ಮಗನನ್ನು ನದಿಯಲ್ಲಿ ತೇಲಿಬಿಟ್ಟಳು, ಮತ್ತೆ ಅವನ ಬಳಿಗೆ ಹೋದದ್ದು ಯುದ್ಧದ ಹೊಸ್ತಿಲಲ್ಲಿ, ಉಳಿದ ಮಕ್ಕಳ ಪ್ರಾಣಕ್ಕಾಗಿ. ಇದನ್ನು ಹೇಳುವುದು ಕುಂತಿಯನ್ನು ರಕ್ಕಸಿ ಮಾಡಲಿಕ್ಕಲ್ಲ. ಮದುವೆಯಾಗದ ಹುಡುಗಿಯ ಭಯ ಎಂಥದೆಂದು ಕಥೆಗೆ ಗೊತ್ತು. ಆದರೆ ತಾಯ್ತನ ಕುಲದಿಂದ ಬರುವುದಲ್ಲ ಎಂಬುದೂ ಕಥೆಗೆ ಗೊತ್ತು.

ಪೂತನಿಯ ಕಥೆ ಇನ್ನೂ ಮುಂದಕ್ಕೆ ಹೋಗುತ್ತದೆ. ಎದೆಗೆ ವಿಷ ಬಳಿದುಕೊಂಡು ಹಸುಳೆಯನ್ನು ಕೊಲ್ಲಲು ಬಂದವಳು ಅವಳು. ಅದಕ್ಕಿಂತ ಘೋರ ಕೃತ್ಯ ಯಾವುದಿದ್ದೀತು! ಆದರೂ ಭಾಗವತ ಅವಳಿಗೆ ತಾಯಿಗೆ ಸಲ್ಲುವ ಸದ್ಗತಿಯನ್ನೇ ಕೊಡುತ್ತದೆ. ಯಾವ ಉದ್ದೇಶದಿಂದಲೇ ಆಗಲಿ, ಮೊಲೆಯೂಡಿದವಳು ತಾಯಿ ಎಂಬುದು ಅಲ್ಲಿನ ತರ್ಕ.

ರನ್ನನ ಕಾಲಕ್ಕೇ ಸೇರುವ ಇಂಗ್ಲಿಷ್ ಹಸ್ತಪ್ರತಿಯೊಂದರಲ್ಲಿ ‘ಬೇವುಲ್ಫ್’ ಕಾವ್ಯ ಉಳಿದುಬಂದಿದೆ. ಗ್ರೆಂಡೆಲ್ ಎಂಬ ದೈತ್ಯನನ್ನು ನಾಯಕ ಕೊಲ್ಲುತ್ತಾನೆ. ಮರುರಾತ್ರಿ ಅವನ ತಾಯಿ ಸೇಡಿಗೆ ಬರುತ್ತಾಳೆ. ಆ ಸಮಾಜದ ವೀರರು ಬಂಧುವಿನ ಸಾವಿಗೆ ಮಾಡುತ್ತಿದ್ದುದೂ ಅದನ್ನೇ. ಆದರೆ ಕಾವ್ಯ ಅವಳಿಗೊಂದು ಹೆಸರನ್ನೂ ಕೊಟ್ಟಿಲ್ಲ. ಗ್ರೆಂಡೆಲನ ಬಾಯಿಂದಲೇ ಕಥೆ ಕೇಳಿಸಲು ಇಂಗ್ಲಿಷ್ ಓದುಗರು ಅಮೆರಿಕದ ಜಾನ್ ಗಾರ್ಡ್‌ನರ್ ೧೯೭೧ರಲ್ಲಿ ಬರೆದ ಕಾದಂಬರಿಯವರೆಗೆ ಕಾಯಬೇಕಾಯಿತು.

ರಾವುಳ ಹೆತ್ತ ಸೀತೆ

ಕನ್ನಡದ ಜನಪದರು ಪಂಡಿತರಿಗಿಂತ ಧೈರ್ಯವಂತರು. ಮೈಸೂರಿನಲ್ಲಿ ಹುಟ್ಟಿ ಷಿಕಾಗೋದಲ್ಲಿ ನೆಲೆಸಿದ ಎ.ಕೆ. ರಾಮಾನುಜನ್ ತಮ್ಮ ‘ಮುನ್ನೂರು ರಾಮಾಯಣಗಳು’ ಪ್ರಬಂಧದಲ್ಲಿ ತಂಬೂರಿ ದಾಸಯ್ಯನೊಬ್ಬ ಹಾಡಿದ ಕಥೆಯನ್ನು ಎತ್ತಿಕೊಂಡಿದ್ದಾರೆ. ಮಕ್ಕಳಿಲ್ಲದ ರಾವುಳ ಅಂದರೆ ರಾವಣ, ಶಿವನಿಂದ ಒಂದು ಮಾವಿನಹಣ್ಣು ಪಡೆಯುತ್ತಾನೆ. ಹಣ್ಣು ಹೆಂಡತಿಗೆ, ಓಟೆ ತನಗೆ ಎಂಬುದು ಕರಾರು. ಆಸೆಗೆ ಬಿದ್ದ ರಾವುಳ ಹಣ್ಣನ್ನು ತಾನೇ ತಿಂದು ಓಟೆಯನ್ನು ಹೆಂಡತಿಗೆ ಕೊಡುತ್ತಾನೆ. ಪರಿಣಾಮವಾಗಿ ಅವನೇ ಬಸಿರಾಗುತ್ತಾನೆ. ದಿನಕ್ಕೊಂದು ತಿಂಗಳಂತೆ ಬಸಿರು ಬೆಳೆದು, ಒಂಬತ್ತನೆಯ ದಿನ ಅವನು ಸೀನುತ್ತಾನೆ. ಮೂಗಿನಿಂದ ಹೆಣ್ಣುಮಗು ಹೊರಬರುತ್ತದೆ. ಸೀತದ್ದರಿಂದ ಹುಟ್ಟಿದವಳು ಸೀತೆ! ಕನ್ನಡದಲ್ಲಿ ಮಾತ್ರ ಸಾಧ್ಯವಾಗುವ ಶ್ಲೇಷೆ ಇದು. ಆ ಮಗುವನ್ನು ಅವನು ದೂರ ಮಾಡಬೇಕಾಗುತ್ತದೆ, ಅದು ಜನಕನ ಹೊಲ ಸೇರುತ್ತದೆ.

ಕೇಳಿದ ಕೂಡಲೇ ನಗು ಬರುತ್ತದೆ. ನಕ್ಕ ಮೇಲೆ ಕಥೆ ಚುಚ್ಚತೊಡಗುತ್ತದೆ. ಹೆಂಡತಿಯ ಪಾಲನ್ನು ಕಬಳಿಸಿದವನಿಗೆ ಬಸಿರಿನ ಭಾರವೇ ಶಿಕ್ಷೆ. ಮುಂದೆ ಅವನು ಹೊತ್ತೊಯ್ಯುವುದು ತಾನೇ ಹೆತ್ತು ಕಳೆದುಕೊಂಡ ಮಗಳನ್ನು. ಇಂಥ ಕಥೆಗಳನ್ನು ಒಳಗೊಂಡ ರಾಮಾನುಜನ್ ಪ್ರಬಂಧವನ್ನು ೨೦೧೧ರಲ್ಲಿ ದೆಹಲಿ ವಿಶ್ವವಿದ್ಯಾಲಯ ಇತಿಹಾಸದ ಪಠ್ಯದಿಂದ ಕೈಬಿಟ್ಟಾಗ ದೇಶದಾದ್ಯಂತ ವಿವಾದವಾಯಿತು. ದಾಸಯ್ಯನ ಕೇಳುಗರಿಗೆ ಮಾತ್ರ ಈ ಕಥೆ ಕೇಳಿದ್ದರಿಂದ ರಾಮಭಕ್ತಿ ಕಡಿಮೆಯಾಗುತ್ತದೆಂದು ಅನ್ನಿಸಿರಲಾರದು.

ಕುವೆಂಪು ಈ ಸಂಬಂಧವನ್ನು ತಿರುಗುಮುರುಗು ಮಾಡಿದರು. ೧೯೪೯ರಲ್ಲಿ ಪ್ರಕಟವಾಗಿ ಮುಂದೆ ಜ್ಞಾನಪೀಠ ಪ್ರಶಸ್ತಿ ತಂದ ‘ಶ್ರೀ ರಾಮಾಯಣ ದರ್ಶನಂ’ನಲ್ಲಿ ದಶಾನನ ಕನಸೊಂದನ್ನು ಕಾಣುತ್ತಾನೆ. ಅದರಲ್ಲಿ ಅವನೂ ಕುಂಭಕರ್ಣನೂ ಸೀತೆಯ ಮಕ್ಕಳು. ಕಾಮಿಸಿದವಳನ್ನೇ ತಾಯಿಯಾಗಿ ಕಂಡ ಮೇಲೆ ಅವನ ಯುದ್ಧ ಮೊದಲಿನ ಯುದ್ಧವಾಗಿ ಉಳಿಯುವುದಿಲ್ಲ. ಜನಪದದಲ್ಲಿ ರಾವಣ ಸೀತೆಯ ತಾಯಿ; ಕುವೆಂಪು ಅವರಲ್ಲಿ ಸೀತೆ ರಾವಣನ ತಾಯಿ. ಎರಡು ಕಡೆಯೂ ಶತ್ರುವನ್ನು ಬಿಡಿಸಿಕೊಳ್ಳಲಾಗದ ನಂಟನ್ನಾಗಿ ಮಾಡಿದ್ದು ಹೊಕ್ಕುಳಬಳ್ಳಿಯೇ.

ಮಮತೆಯೇ ಸುಳಿಯಾದಾಗ

ಇದೇ ಕಾವ್ಯದಲ್ಲಿ ಮಂಥರೆಯ ಸಂಚಿಕೆಗೆ ಕುವೆಂಪು ಇಟ್ಟ ಹೆಸರು ‘ಮಮತೆಯ ಸುಳಿ ಮಂಥರೆ’. ಅರಮನೆಯವರೆಲ್ಲ ಅಸಹ್ಯಪಟ್ಟ ಆ ಗೂನಿಗೆ ಪ್ರೀತಿ ದಕ್ಕಿದ್ದು ಕೈಕೆ ಮತ್ತು ಭರತರಿಂದ ಮಾತ್ರ. ಹೆರದ ಅವಳು ಭರತನಿಗೆ ತಾಯಿಯಾದಳು. ಅವಳ ಕೇಡು ಹುಟ್ಟಿದ್ದು ದ್ವೇಷದಿಂದಲ್ಲ, ಒಂದೇ ಕಡೆ ಹರಿದು ಸುಳಿಯಾದ ಮಮತೆಯಿಂದ. ತಪ್ಪನ್ನು ಅರಿತು ರಾಮನನ್ನು ಅರಸುತ್ತ ಕಾಡಿಗೆ ಹೋದ ಅವಳು ಕಾಡುಗಿಚ್ಚಿಗೆ ಸಿಕ್ಕಿ ಸಾಯುತ್ತಾಳೆ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಎಚ್ಚರ ಅಗತ್ಯ. ಖಳನನ್ನು ನಾಯಕನನ್ನಾಗಿಸುವ ಕಾದಂಬರಿ, ಧಾರಾವಾಹಿಗಳಿಗೆ ಇಂದು ಬರವಿಲ್ಲ. ನಮ್ಮ ಹಳೆಯ ಕವಿಗಳು ಮಾಡಿದ್ದು ಅದಲ್ಲ. ರನ್ನನ ದುರ್ಯೋಧನನ ತೊಡೆ ಮುರಿಯುತ್ತದೆ. ನಾಗಚಂದ್ರನ ರಾವಣ ಲಕ್ಷ್ಮಣನ ಕೈಯಲ್ಲಿ ಸಾಯುತ್ತಾನೆ. ದ್ರೌಪದಿಯ ಮಾನಭಂಗವನ್ನಾಗಲಿ ಸೀತೆಯ ಕಣ್ಣೀರನ್ನಾಗಲಿ ಯಾರೂ ಅಳಿಸಲಿಲ್ಲ. ಮರುಕವೆಂದರೆ ಖುಲಾಸೆಯಲ್ಲ. ತೀರ್ಪು ಕೊಡುವ ಮುನ್ನ ಆರೋಪಿಯ ಮನೆಯವರ ಮಾತನ್ನೂ ಕೇಳಿಸಿಕೊಳ್ಳುವ ವ್ಯವಧಾನ ಅದು.

ಆ ವ್ಯವಧಾನ ಕಾವ್ಯಕ್ಕಷ್ಟೇ ಬೇಕಾದುದಲ್ಲ. ಸೊಸೆಗೆ ಬುದ್ಧಿ ಹೇಳಿಕೊಟ್ಟ ನೆರೆಮನೆಯಾಕೆ ನಮ್ಮ ಬಾಯಲ್ಲಿ ಇಂದಿಗೂ ‘ಮಂಥರೆ’. ಮಲಮಗನಿಗೆ ಗದರಿದವಳು ‘ಕೈಕೇಯಿ’. ಮಗುವನ್ನು ಆಸ್ಪತ್ರೆಯ ಬಾಗಿಲಲ್ಲಿ ಬಿಟ್ಟುಹೋದವಳ ಸುದ್ದಿ ಬಂದರೆ ಅವಳು ‘ರಕ್ಕಸಿ ತಾಯಿ’. ಅವಳ ವಯಸ್ಸೆಷ್ಟು, ಯಾರಿಗೆ ಹೆದರಿದ್ದಳು, ಮಗುವಿನ ತಂದೆ ಎಲ್ಲಿ ಎಂಬ ಪ್ರಶ್ನೆಗಳನ್ನು ಕೇಳುವವರು ಕಡಿಮೆ. ಅದೇ ಕೆಲಸವನ್ನು ಮಾಡಿದ ಕುಂತಿಯ ಬಗ್ಗೆ ಆ ಪ್ರಶ್ನೆಗಳನ್ನೆಲ್ಲ ಕೇಳಿ ಉತ್ತರ ಪಡೆದ ಪರಂಪರೆ ನಮ್ಮದು. ರಾಣಿಗೆ ಸಂದ ಆ ನ್ಯಾಯ ಹೆಸರಿಲ್ಲದ ಹೆಂಗಸಿಗೂ ಸಲ್ಲಬೇಕಲ್ಲವೇ?