ಹನ್ನೆರಡು ತಂತಿ ಹೊರುವ ಕುದುರೆ

ವೀಣೆಯ ತಂತಿಗಳನ್ನು ಹೊರುವ ತುಂಡಿಗೆ ಕನ್ನಡದಲ್ಲಿ ಕುದುರೆ ಎಂದು ಹೆಸರು. ಫ್ರೆಂಚಿನಲ್ಲೂ ಅದು ‘ಶೆವಾಲೆ’, ಪುಟ್ಟ ಕುದುರೆಯೇ, ಇಂಗ್ಲಿಷಿನಲ್ಲಿ ಸೇತುವೆ. ಹನ್ನೆರಡು ತಂತಿಯ ಗಿಟಾರಿನ ಮಟ್ಟಿಗಂತೂ ಕುದುರೆಯೇ ಸರಿಯಾದ ಪದ, ಹೊರೆ ಅಷ್ಟಿದೆ.

ಆರು ಉಕ್ಕಿನ ತಂತಿಗಳ ಎಳೆತ ಸುಮಾರು 70 ಕೆಜಿ. ಹನ್ನೆರಡನ್ನು ಅದೇ ಶ್ರುತಿಗೆ ಬಿಗಿದರೆ 110 ದಾಟುತ್ತದೆ. ಮೇಲ್ಹಲಗೆಗೆ ಅಂಟಿಸಿದ ಕುದುರೆಗೇ ತಂತಿಗಳನ್ನು ಕಟ್ಟಿದಾಗ ಅದು ಮುಂದಕ್ಕೆ ಮಗುಚಲು ನೋಡುತ್ತದೆ. ಹಿಂದೆ ಹಲಗೆ ಉಬ್ಬಿ, ಮುಂದೆ ತಗ್ಗಿ, ಕೊನೆಗೆ ಅಂಟೇ ಬಿಡಬಹುದು.

20ನೇ ಶತಮಾನದ ಆರಂಭದಲ್ಲಿ ಅಮೆರಿಕದ ಜೆರ್ಸಿ ಸಿಟಿಯ ಆಸ್ಕರ್ ಶ್ಮಿಟ್ ಕಂಪನಿ ‘ಸ್ಟೆಲ್ಲಾ’ ಹೆಸರಿನ ಅಗ್ಗದ ಗಿಟಾರುಗಳನ್ನು ಮಾಡುತ್ತಿತ್ತು. ಹಲಗೆಯ ಒಳಗೆ ಏಣಿಯ ಮೆಟ್ಟಿಲಿನಂಥ ಅಡ್ಡಪಟ್ಟಿಗಳಷ್ಟೇ. ಲೆಡ್ ಬೆಲ್ಲಿ ಎಂದು ಹೆಸರಾದ ಹಡ್ಡಿ ಲೆಡ್‌ಬೆಟರ್ ನುಡಿಸಿದ ಹನ್ನೆರಡು ತಂತಿಯ ಸ್ಟೆಲ್ಲಾದಲ್ಲಿ ತಂತಿಗಳು ಕುದುರೆಯನ್ನು ದಾಟಿ ಬುಡದ ಲೋಹದ ಕೊಂಡಿಗೆ ಹೋಗುತ್ತಿದ್ದವು. ಎಳೆತವನ್ನು ಬುಡ ತಡೆಯಿತು. ಕುದುರೆಗೆ ಉಳಿದದ್ದು ಕೆಳಮುಖದ ಒತ್ತಡ. ಸಾಲದೆಂಬಂತೆ ಅವರು ಶ್ರುತಿಯನ್ನೂ ಬಹಳ ಇಳಿಸುತ್ತಿದ್ದರು. ಎಳೆತವು ಕಂಪನಸಂಖ್ಯೆಯ ವರ್ಗಕ್ಕೆ ಅನುಗುಣ: ಅದೇ ತಂತಿಯನ್ನು ನಾಲ್ಕು ಸ್ವರಸ್ಥಾನ ಇಳಿಸಿದರೆ ಮೂರನೇ ಒಂದಂಶಕ್ಕಿಂತ ಹೆಚ್ಚು ಎಳೆತ ಕಳೆಯುತ್ತದೆ. ಆ ಗುಡುಗುವ ಮಂದ್ರದಲ್ಲಿ ಅಭಿರುಚಿಯಷ್ಟೇ ಮರದ ಮಿತಿಯೂ ಇದ್ದಿರಬೇಕು.

ಇಂದು ಕೈಯಲ್ಲಿ ಗಿಟಾರು ಕಟ್ಟುವ ಬಹಳ ಮಂದಿ ಎಬನಿ ಅಥವಾ ಬೀಟೆಯ ಕುದುರೆಯನ್ನು ಅಂಟಿಸಿ, ಒಳಗೆ ಗುಣಾಕಾರ ಚಿಹ್ನೆಯಂತೆ ಪಟ್ಟಿ ಕೊಡುತ್ತಾರೆ. ಹನ್ನೆರಡು ರಂಧ್ರಗಳನ್ನು ಒಂದೇ ಸಾಲಿನಲ್ಲಿ ಕೊರೆದರೆ ಮರ ಎಳೆಗುಂಟ ಸೀಳುವ ಭಯ, ಹಾಗಾಗಿ ಎರಡು ಸಾಲು. ಆಗ ಹಿಂದಿನ ಸಾಲಿನ ತಂತಿಗಳು ಮೂಳೆಯ ಪಟ್ಟಿಯ ಮೇಲೆ ಸಾಕಷ್ಟು ಬಾಗುವುದಿಲ್ಲ, ಅವುಗಳ ದನಿ ಸೊರಗುತ್ತದೆ. ರಂಧ್ರದ ಮುಂದೆ ಅರದಿಂದ ಚಡಿ ತೋಡಿ ಆ ಬಾಗನ್ನು ಮರಳಿ ಪಡೆಯಬೇಕು.